ಎತ್ತು ದಣಿಯುತ್ತಿತ್ತು

ಹೋದ ವಾರ ಊರಿನಿಂದ ಫೋನ್ ಬಂತು. ಪಕ್ಕದ ಹೊಲದ ಕಾಕಾನ ಮಗ. "ಅಕ್ಕಾ, ಏಳ್ನೂರು ಫೀಟ್ ತನಕ ಬೋರ್ ಹೊಡಸ್ಬೇಕಂತ ಮಾಡೀನಿ. ಸೊಸೈಟ್ಯಾಗ ಸಾಲ ಕೊಡ್ತಾರ. ನೀ ಜಾಮೀನು ಹಾಕಿದ್ರ ಲಗೂನೆ ಆಗ್ತದ" ಅಂದ. ನಾನು ಬೀದರ್‌ನಲ್ಲಿ ಶಾಲೆಯಲ್ಲಿ ಕಲಿಸುವವಳು. ತಿಂಗಳ ಪಗಾರ ಇರುವವರ ಸಹಿಗೆ ಒಂದು ಬೆಲೆ ಇದೆ. "ನಾಳೆ ಹೇಳ್ತೀನಿ ತಮ್ಮಾ" ಅಂದೆ. ಎಂಟು ದಿನ ಆಯಿತು. ಇನ್ನೂ ಹೇಳಿಲ್ಲ.

ಹಣದ ಭಯ ನನಗಿಲ್ಲ. ಅವನು ಊಟ ಬಿಟ್ಟಾದರೂ ಕಂತು ಕಟ್ಟುವ ಹುಡುಗ. ನನ್ನನ್ನು ತಡೆದದ್ದು ಬೇರೆ. ಅವರ ಬಾವಿ ಬತ್ತಿದ್ದು ನಮ್ಮ ಬೋರಿನಿಂದ. ಇಷ್ಟು ನೇರವಾಗಿ ಈ ಮಾತನ್ನು ನಾನು ಈವರೆಗೆ ಯಾರ ಮುಂದೆಯೂ ಹೇಳಿಲ್ಲ.

ನಮ್ಮೂರು ಬೀದರ್‌ನಿಂದ ಭಾಲ್ಕಿ ಕಡೆ ಹೋಗುವ ದಾರಿಯಲ್ಲಿದೆ. ಕರಿಮಣ್ಣಿನ ಹೊಲ. ಮುಂಗಾರಿಗೆ ಹೆಸರು, ಉದ್ದು, ತೊಗರಿ. ಹಿಂಗಾರಿಗೆ ಜೋಳ, ಕಡಲೆ. ನಮ್ಮ ಹೊಲಕ್ಕೂ ಕಾಕಾನ ಹೊಲಕ್ಕೂ ನಡುವೆ ಒಂದು ಬದು ಮಾತ್ರ. ಕಾಕಾ ಅಂದರೆ ರಕ್ತ ಸಂಬಂಧ ಇಲ್ಲ, ಆದರೆ ನಾನು ಹುಟ್ಟಿದಾಗಿನಿಂದ ಕಾಕಾನೇ. ಅವರ ಬಾವಿ ಕಲ್ಲು ಕಟ್ಟಿದ ಹಳೇ ಬಾವಿ. ನಲವತ್ತು ಅಡಿ ಇರಬಹುದು. ಬೇಸಿಗೆಯಲ್ಲೂ ತಳದಲ್ಲಿ ಒಂದಾಳು ನೀರು ನಿಲ್ಲುತ್ತಿತ್ತು.

2010ರಲ್ಲಿ ನನಗೆ ಕೆಲಸ ಸಿಕ್ಕಿ ಎರಡು ವರ್ಷ ಆಗಿತ್ತು. ಬ್ಯಾಂಕಿನಲ್ಲಿ ಸಾಲ ತೆಗೆದು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಬೋರ್ ಹೊಡೆಸಿದರು. ತೆಂಗಿನಕಾಯಿ ಅಂಗೈ ಮೇಲೆ ಇಟ್ಟುಕೊಂಡು ಪಾಯಿಂಟ್ ನೋಡುವವರು ಬಂದರು, ಹೊಲವೆಲ್ಲ ತಿರುಗಿ ಬದುವಿನ ಹತ್ತಿರವೇ ನಿಂತರು. ರಾತ್ರಿ ಬೋರ್ ಗಾಡಿ ಬಂತು. ಬೆಳಗಿನ ಜಾವದ ತನಕ ಬಿಳಿ ಧೂಳು. ಮುನ್ನೂರು ದಾಟಿದ ಮೇಲೆ ನೀರು ಚಿಮ್ಮಿತು. ಆಗ ಮೊದಲು ಓಡಿ ಬಂದು ಅಪ್ಪನನ್ನು ತಬ್ಬಿಕೊಂಡವರು ಕಾಕಾನೇ. ಮುಖದ ತುಂಬ ಕೆಸರು, ನಗು. ಆ ನಗು ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಎರಡು ಎಕರೆ ಕಬ್ಬು ಹಚ್ಚಿದೆವು. ಎರಡು ಬೇಸಿಗೆ ಕಳೆಯಿತು. ಮೂರನೇ ಬೇಸಿಗೆಗೆ ಕಾಕಾನ ಬಾವಿಯ ತಳ ಕಾಣಿಸಿತು. ಅದಾದ ಮೇಲೆ ಮಳೆಗಾಲದ ನಾಲ್ಕು ತಿಂಗಳು ಬಿಟ್ಟರೆ ಆ ಬಾವಿಗೆ ನೀರು ಬರಲಿಲ್ಲ. ಆ ವರ್ಷ ಮಳೆಯೂ ಕಡಿಮೆಯೇ ಇತ್ತು, ಸುತ್ತ ಬೇರೆ ಬೋರುಗಳೂ ಬಿದ್ದಿದ್ದವು. ಎಷ್ಟೋ ವರ್ಷ ನಾನು ಈ ಎರಡು ಮಾತು ಹಿಡಿದುಕೊಂಡೇ ಸಮಾಧಾನ ಮಾಡಿಕೊಂಡೆ. ಆದರೆ ಅವರ ಬಾವಿಗೆ ಎಲ್ಲಕ್ಕಿಂತ ಹತ್ತಿರದ ಬೋರ್ ನಮ್ಮದು. ನೂರು ಹೆಜ್ಜೆ.

ಕಾಕಾ ಒಂದು ದಿನವೂ ಬೈಯಲಿಲ್ಲ. ಕೊಡ ತಗೊಂಡು ನಮ್ಮ ಬೋರಿಗೆ ಬರುತ್ತಿದ್ದರು. ನಾನು ರಜೆಗೆ ಹೋದಾಗ ನನ್ನನ್ನೂ ಕೇಳುತ್ತಿದ್ದರು: "ಅವ್ವಾ, ಎರಡು ಕೊಡ ತಗೋತೀನಿ." ಕೇಳದೇ ತಗೊಂಡಿದ್ದರೆ ನನಗೆ ಇಷ್ಟು ನೋವಾಗುತ್ತಿರಲಿಲ್ಲ. ಒಮ್ಮೆ ಧೈರ್ಯ ಮಾಡಿ, "ಕಾಕಾ, ನಮ್ಮ ಬೋರಿನಿಂದ ನಿಮ್ಮ ಬಾವಿ..." ಅಂತ ಶುರು ಮಾಡಿದೆ. ಅವರು ಮುಗಿಸಲು ಬಿಡಲಿಲ್ಲ. "ನೆಲದಾಗಿನ ನೀರಿಗಿ ಯಾರ್ ಹೆಸರು ಬರದಾರವ್ವಾ? ಸಿಕ್ಕವ್ರಿಗಿ ಸಿಕ್ತು" ಅಂದರು. ನಾಲ್ಕು ವರ್ಷದ ಹಿಂದೆ ಕಾಕಾ ತೀರಿಕೊಂಡರು. ಆ ಮಾತು ನನ್ನ ಹತ್ತಿರ ಉಳಿಯಿತು.

ನೆಲದಾಗಿನ ನೀರಿಗೆ ಯಾರ ಹೆಸರಿದೆ? ಕಾನೂನು ಇದಕ್ಕೆ ಉತ್ತರ ಕೊಟ್ಟು ಬಹಳ ಕಾಲ ಆಯಿತು. ಬ್ರಿಟಿಷರ ಕಾಲದ 1882ರ ಈಸ್‌ಮೆಂಟ್ (ಅನುಭೋಗದ ಹಕ್ಕುಗಳ) ಕಾಯ್ದೆಯಿಂದ ಬಂದ ತಿಳಿವಳಿಕೆ ಇಷ್ಟೇ: ಹೊಲ ಯಾರದೋ, ಹೊಲದ ಕೆಳಗಿನ ನೀರೂ ಅವರದೇ. ಹೊಳೆಯ ನೀರಿಗೆ ಮೇಲಿನವರು ಕೆಳಗಿನವರು ಅಂತ ಲೆಕ್ಕ ಇದೆ. ನೆಲದ ಕೆಳಗೆ ಗೊತ್ತಾದ ಕಾಲುವೆ ಇಲ್ಲದೆ ಸುಮ್ಮನೆ ಜಿನುಗುವ ನೀರಿಗೆ ಆ ಲೆಕ್ಕ ಇಲ್ಲ. 2011ರಲ್ಲಿ ನಮ್ಮ ರಾಜ್ಯವೂ ಅಂತರ್ಜಲ ನಿಯಂತ್ರಣಕ್ಕೆ ಕಾಯ್ದೆ ಮಾಡಿದೆ. ಅಧಿಸೂಚನೆ ಆದ ತಾಲ್ಲೂಕುಗಳಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ಆದರೆ ನಮ್ಮ ಬದುವಿನ ಹತ್ತಿರ ಆ ರಾತ್ರಿ ನಡೆದದ್ದರಲ್ಲಿ ಯಾರೂ ಯಾವ ತಪ್ಪನ್ನೂ ಮಾಡಲಿಲ್ಲ. ನನ್ನನ್ನು ಕಾಡುವುದೇ ಅದು. ಯಾರೂ ತಪ್ಪು ಮಾಡದೇ ಒಂದು ಬಾವಿ ಸತ್ತಿತು.

ಈ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ನಾನು ಆಗಾಗ ನೌಬಾದ್‌ಗೆ ಹೋಗುತ್ತೇನೆ. ಬೀದರ್ ಊರಿಗೆ ಅಂಟಿಕೊಂಡೇ ಇದೆ. ಅಲ್ಲಿ ನೆಲದ ಕೆಳಗೆ ಎರಡು ಕಿಲೋಮೀಟರಿಗೂ ಉದ್ದದ ಸುರಂಗ ಇದೆ. ಕರೇಜ್ ಅನ್ನುತ್ತಾರೆ, ನಮ್ಮ ಕಡೆ ಸುರಂಗ ಬಾವಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ಕಲಬುರಗಿಯಿಂದ ರಾಜಧಾನಿಯನ್ನು ಬೀದರ್‌ಗೆ ತಂದರು. ಎತ್ತರದ ಜಾಗ, ಕೋಟೆಗೆ ಒಳ್ಳೇದು. ನೀರಿಗೆ ಕಷ್ಟ. ಇರಾನಿನ ಕಡೆಯಿಂದ ಬಂದವರಿಗೆ ಈ ಸುರಂಗದ ವಿದ್ಯೆ ಗೊತ್ತಿತ್ತು. ನೌಬಾದ್ ಅಲ್ಲದೆ ಶುಕ್ಲತೀರ್ಥ, ಜಮುನಾ ಮೋರಿ ಅಂತ ಇನ್ನೂ ಎರಡು ಇವೆ. ಬಹುಕಾಲ ಹೂಳು, ಕಸ ತುಂಬಿ ಮರೆತೇ ಹೋಗಿದ್ದವು. ಹತ್ತು ವರ್ಷದ ಹಿಂದೆ ಹೂಳು ತೆಗೆದ ಮೇಲೆ ನೌಬಾದ್‌ನ ಬಾಯಿಗಳು ಮತ್ತೆ ತೆರೆದವು.

ಆ ಬಾಯಿಯ ಅಂಚಿನಲ್ಲಿ ಕೂತರೆ ಕೆಳಗಿನಿಂದ ತಣ್ಣನೆ ಗಾಳಿ ಬರುತ್ತದೆ. ಮೇ ತಿಂಗಳಲ್ಲಿ ಹೋಗಿ ನೋಡಿ. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಇಂಥ ಬಾಯಿ ಬಿಟ್ಟಿದ್ದಾರೆ. ಅಗೆದ ಮಣ್ಣು ಮೇಲೆ ಬರಲಿ, ಗಾಳಿ ಬೆಳಕು ಒಳಗೆ ಹೋಗಲಿ ಅಂತ.

ಇದು ಕೆಲಸ ಮಾಡುವ ರೀತಿ ತಿಳಿದರೆ ಬೀದರ್‌ನ ನೆಲವೇ ಅರ್ಥವಾಗುತ್ತದೆ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲು. ತೂತು ತೂತಾದ ಕಲ್ಲು, ಮಳೆ ನೀರನ್ನು ಹೀರಿಕೊಳ್ಳುತ್ತದೆ. ಅದರ ಕೆಳಗೆ ಕರಿಕಲ್ಲು. ನೀರು ಅಲ್ಲಿಗೆ ಬಂದು ನಿಲ್ಲುತ್ತದೆ, ಎಲ್ಲಿ ಸಂದು ಸಿಕ್ಕೀತು ಅಂತ ಅಡ್ಡಕ್ಕೆ ಸರಿಯುತ್ತದೆ. ದಿಣ್ಣೆಯ ಅಂಚಿಗೆ ಬಂದಾಗ ಝರಿಯಾಗಿ ಹೊರಗೆ ಬೀಳುತ್ತದೆ. ಝರಣಿ ನರಸಿಂಹನ ಗುಹೆಯಲ್ಲಿ ನಾವು ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ಕೈಮುಗಿಯುವುದು, ಗುರುನಾನಕ್ ಝೀರಾದಲ್ಲಿ ದೇಶದ ಮೂಲೆ ಮೂಲೆಯಿಂದ ಬಂದ ಸಿಖ್ಖರು ಬೊಗಸೆಯಲ್ಲಿ ಹಿಡಿದು ಕುಡಿಯುವುದು, ಪಾಪನಾಶದ ಕೊಳ, ಎಲ್ಲವೂ ಇದೇ ದಿಣ್ಣೆ ಹಿಡಿದಿಟ್ಟು ಬಿಟ್ಟ ನೀರು. ಸುರಂಗ ತೋಡಿದವರು ಇದನ್ನು ಕಂಡುಕೊಂಡರು. ಎರಡು ಕಲ್ಲು ಸೇರುವ ಕಡೆ ಸ್ವಲ್ಪವೇ ಇಳಿಜಾರು ಕೊಟ್ಟು ದಾರಿ ಮಾಡಿದರು. ಅಷ್ಟೇ. ಎತ್ತುವುದಿಲ್ಲ, ಎಳೆಯುವುದಿಲ್ಲ. ನೀರು ತಾನಾಗಿಯೇ ನಡೆದು ಬರುತ್ತದೆ.

ನನ್ನ ಮನಸ್ಸು ಹಿಡಿದಿಟ್ಟುಕೊಂಡ ಸಂಗತಿ ಒಂದಿದೆ. ಸುರಂಗದ ತಳಕ್ಕಿಂತ ಕೆಳಗಿರುವ ನೀರನ್ನು ಕರೇಜ್ ಮುಟ್ಟಲಾರದು. ಮಳೆ ಚೆನ್ನಾಗಿ ಆದರೆ ಜಾಸ್ತಿ ಹರಿಯುತ್ತದೆ. ಕಡಿಮೆ ಆದರೆ ಕಡಿಮೆ. ಸುಲ್ತಾನನೇ ಬಂದು ಹುಕುಂ ಮಾಡಿದರೂ ಒಂದು ಕೊಡ ಹೆಚ್ಚು ಬರುವುದಿಲ್ಲ. ಎಷ್ಟು ತಗೋಬೇಕು ಅನ್ನುವುದು ಅದನ್ನು ಕಟ್ಟಿದ ರೀತಿಯಲ್ಲೇ ಇದೆ.

ನಮ್ಮ ಮುತ್ಯಾನ ಕಾಲದ ಬಾವಿಯೂ ಹಾಗೆಯೇ ಇತ್ತು. ಎತ್ತು ಕಟ್ಟಿ, ತೊಗಲಿನ ಚೀಲದಿಂದ ನೀರು ಎತ್ತುತ್ತಿದ್ದರು. ಎತ್ತು ಇಳಿಜಾರಿನಲ್ಲಿ ಮುಂದೆ ಹೋಗಬೇಕು, ಚೀಲ ಸುರಿದ ಮೇಲೆ ಹಿಂದೆ ಬರಬೇಕು. ಬೆಳಿಗ್ಗೆಯಿಂದ ಮಧ್ಯಾಹ್ನದ ತನಕ ಅದೇ. "ಎತ್ತಿನ ಬಾಯಾಗ ನೊರಿ ಕಂಡ್ರ ನೀರು ನಿಂದ್ರಸಬೇಕು" ಅಂತ ಮುತ್ಯಾ ಹೇಳುತ್ತಿದ್ದರಂತೆ. ಎತ್ತು ದಣಿಯುತ್ತಿತ್ತು, ನೀರು ನಿಲ್ಲುತ್ತಿತ್ತು. ರಾತ್ರಿಯೆಲ್ಲ ಬಾವಿಗೆ ಸೆಲೆ ಬಂದು ಬೆಳಿಗ್ಗೆ ಮತ್ತೆ ತುಂಬುತ್ತಿತ್ತು. ಮುತ್ಯಾ ದೊಡ್ಡ ಪರಿಸರವಾದಿ ಆಗಿರಲಿಲ್ಲ. ಅವರ ಮನಸ್ಸಿನಲ್ಲೂ ಆಸೆ ನಮ್ಮಷ್ಟೇ ಇದ್ದಿರಬೇಕು. ಅವರ ಆಸೆಗಿಂತ ಮೊದಲು ಎತ್ತು ದಣಿಯುತ್ತಿತ್ತು, ಅಷ್ಟೇ.

ನಮ್ಮ ಮೋಟರಿಗೆ ಆ ದಣಿವಿಲ್ಲ. ನಮ್ಮ ಹೊಲದಲ್ಲಿ ಆಟೋ ಸ್ಟಾರ್ಟರ್ ಇದೆ. ಕರೆಂಟ್ ಯಾವಾಗಲೋ ಬರುತ್ತದೆ, ಹೆಚ್ಚು ಕಡಿಮೆ ರಾತ್ರಿ. ಬಂದ ತಕ್ಷಣ ಮೋಟರ್ ತಾನೇ ಶುರುವಾಗುತ್ತದೆ. ಹೋಗುವ ತನಕ ಓಡುತ್ತದೆ. ಹೊಲಕ್ಕೆ ಬೇಕೋ ಬೇಡವೋ ನೋಡುವವರು ಮನೆಯಲ್ಲಿ ಮಲಗಿರುತ್ತಾರೆ. ಹತ್ತು ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ಬಿಲ್ಲೂ ಇಲ್ಲ. ರೈತರನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಹಾವು ಚೇಳಿನ ನಡುವೆ ನಡುರಾತ್ರಿ ಎದ್ದು ಹೋಗಿ ಅಂತ ಯಾರಿಗೆ ಹೇಳಲಿ? ಅಪ್ಪನಿಗೆ ಹೇಳುವ ಧೈರ್ಯ ನನಗಿಲ್ಲ. ಹಳೇ ಸಾಧನಗಳು ಮಾಡುತ್ತಿದ್ದ ಒಂದು ಕೆಲಸ ಈಗ ನಮ್ಮ ಹೆಗಲಿಗೆ ಬಂದಿದೆ, ಮತ್ತು ನಾವು ಅದನ್ನು ಗಮನಿಸಿಲ್ಲ. ಸಾಕು ಅನ್ನುವ ಮಾತನ್ನು ಈಗ ಯಾರಾದರೂ ಬಾಯಿ ಬಿಟ್ಟು ಹೇಳಬೇಕು.

ಸುಮ್ನೆ ಒಂದು ಲೆಕ್ಕ ಮಾಡಿದೆ. ಮಕ್ಕಳಿಗೆ ಕಲಿಸುವ ಗುಣಾಕಾರವೇ. ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 850 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ ಬೀಳುವ ಮಳೆ ಅಂದರೆ 34 ಲಕ್ಷ ಲೀಟರ್. ಕಬ್ಬಿಗೆ ಕಡಿಮೆ ಅಂದರೂ 1500 ಮಿಲಿಮೀಟರ್ ಬೇಕು, ಅಂದರೆ ಎಕರೆಗೆ 60 ಲಕ್ಷ ಲೀಟರ್. ಬಿದ್ದ ಮಳೆಯ ಒಂದು ಹನಿಯೂ ಹರಿದು ಹೋಗದೆ ಪೂರ್ತಿ ಕಬ್ಬಿಗೇ ಸಿಕ್ಕಿತು ಅಂದುಕೊಂಡರೂ 26 ಲಕ್ಷ ಲೀಟರ್ ಕಡಿಮೆ ಬೀಳುತ್ತದೆ. ಅದು ಬರುವುದು ಕೆಳಗಿನಿಂದ.

26 ಲಕ್ಷ ಅಂದರೆ ಎಷ್ಟು ಅಂತ ಮೊದಲು ಅಂದಾಜಾಗಲಿಲ್ಲ. ಆಮೇಲೆ ಲಾತೂರಿನ ರೈಲು ನೆನಪಾಯಿತು. 2016ರ ಏಪ್ರಿಲ್‌ನಲ್ಲಿ ಲಾತೂರಿಗೆ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತಂದರು. ಮೊದಲು ಹತ್ತು ವ್ಯಾಗನ್, ಆಮೇಲೆ ಐವತ್ತು. ಐವತ್ತು ವ್ಯಾಗನ್ನಿನ ಒಂದು ರೈಲಿನಲ್ಲಿ 25 ಲಕ್ಷ ಲೀಟರ್. ಲಾತೂರು ನಮಗೆ ದೂರದ ಊರಲ್ಲ. ಬೀದರ್ ಗಡಿಗೆ ಹತ್ತಿದ ಜಿಲ್ಲೆ. ಅಲ್ಲಿಂದ ಹರಿದು ಬರುವ ಮಾಂಜ್ರಾ ಹೊಳೆಯೇ ನಮ್ಮ ಜಿಲ್ಲೆಗೂ ಬರುತ್ತದೆ. ಆ ರೈಲಿನ ಸುದ್ದಿ ಟಿವಿಯಲ್ಲಿ ನೋಡುವಾಗ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದೇ ಹೊತ್ತಿಗೆ ನಮ್ಮ ಹೊಲದಲ್ಲಿ ಒಂದೊಂದು ಎಕರೆ ಕಬ್ಬು ವರ್ಷಕ್ಕೆ ಒಂದೊಂದು ರೈಲು ನೀರನ್ನು ಕಾಕಾನ ಬಾವಿಯ ಪಕ್ಕದಿಂದ ಎಳೆದು ಕುಡಿಯುತ್ತಿತ್ತು. ಲೆಕ್ಕ ಮುಗಿದ ಮೇಲೆ ಸ್ವಲ್ಪ ಹೊತ್ತು ನನಗೆ ಏನೂ ಮಾಡಲು ಆಗಲಿಲ್ಲ.

ಆದರೂ ಕಬ್ಬು ಹಚ್ಚಿದ್ದಕ್ಕೆ ಕಾರಣ ಇತ್ತು. ತೊಗರಿಯ ಧಾರಣೆ ಒಂದು ವರ್ಷ ಏರಿದರೆ ಮರುವರ್ಷ ನೆಲಕ್ಕೆ ಬೀಳುತ್ತದೆ. ಕಬ್ಬಿಗೆ ಸರ್ಕಾರ ಕಟ್ಟಿದ ದರ ಇದೆ, ತಡವಾದರೂ ಹಣ ಬರುತ್ತದೆ. ಆ ಹಣದಲ್ಲೇ ತಮ್ಮ ಡಿಪ್ಲೊಮಾ ಓದಿದ, ಅವ್ವನ ಕಣ್ಣಿನ ಆಪರೇಷನ್ ಆಯಿತು. ಬೇರೆ ದಾರಿ ತೋರಿಸದೆ ಬರೀ ಕಬ್ಬು ಬೇಡ ಅನ್ನುವವರ ಮಾತು ನನಗೆ ಹಿಡಿಸುವುದಿಲ್ಲ.

ಹಳೇ ಕಾಲವನ್ನು ಬರೀ ಹೊಗಳಲೂ ನನಗೆ ಆಗದು. ಆಯಿ, ಅಂದರೆ ನಮ್ಮ ಅಜ್ಜಿ, ಒಮ್ಮೆ ಹೇಳಿದ್ದು ಅದಕ್ಕೆ ಕಾರಣ. ಊರ ನಡುವಿನ ಬಾವಿಗೆ ನಮ್ಮವರು ಇಳಿದು ನೀರು ತುಂಬುತ್ತಿದ್ದರು. ಆಚೆ ಕೇರಿಯ ಹೆಣ್ಣುಮಕ್ಕಳು ಖಾಲಿ ಕೊಡ ಇಟ್ಟುಕೊಂಡು ದೂರ ನಿಲ್ಲಬೇಕು. ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರಿದರೆ ಅವರಿಗೆ ನೀರು. "ನಾನೂ ಸುರದೀನಿ. ಒಮ್ಮೊಮ್ಮಿ ಸುರೀಲಾರದೆ ಬಂದೀನಿ" ಅಂದರು ಆಯಿ. ಹೇಳುವಾಗ ನನ್ನ ಮುಖ ನೋಡಲಿಲ್ಲ. ದಲಿತರಿಗೆ ಮುಟ್ಟಲು ಬಿಡದಿದ್ದ, ಮಹಾರಾಷ್ಟ್ರದ ಮಹಾಡದ ಚವದಾರ್ ಕೆರೆಯ ನೀರನ್ನು ಬಾಬಾಸಾಹೇಬರು ಮುಟ್ಟಿ ಕುಡಿದದ್ದು 1927ರಲ್ಲಿ. ಆಯಿ ಹೇಳುತ್ತಿದ್ದದ್ದು ಅದಕ್ಕೂ ಮೂರು ನಾಲ್ಕು ದಶಕ ಆದ ಮೇಲಿನ ಮಾತು. ಎಲ್ಲರ ಬಾವಿ ಅಂತ ನಾವು ಈಗ ನೆನೆಸಿಕೊಳ್ಳುವ ಬಾವಿ ಎಲ್ಲರದಾಗಿರಲಿಲ್ಲ.

ಅದನ್ನು ಮುರಿದದ್ದು ಬೋರಿಂಗ್. ಕೈಪಂಪಿಗೆ ನಮ್ಮ ಕಡೆ ಬೋರಿಂಗ್ ಅನ್ನುತ್ತಾರೆ. ಆ ಕೇರಿಗೆ ಬೋರಿಂಗ್ ಬಿದ್ದ ದಿನ ಅಲ್ಲಿನ ಹೆಂಗಸರು ಯಾರ ಕೈಯನ್ನೂ ನೋಡದೆ ನೀರು ತುಂಬಿಕೊಂಡರು. ಆಳದಿಂದ ನೀರು ಎತ್ತುವ ಈ ವಿದ್ಯೆಗೆ ಆ ಋಣವನ್ನು ನಾನು ಕೊಡಲೇಬೇಕು. ಆದರೆ ಮುಂದೆ ಏನಾಯಿತು? ಗಂಗಾ ಕಲ್ಯಾಣ ಯೋಜನೆಯಲ್ಲಿ ಆ ಕೇರಿಯ ಸಣ್ಣ ರೈತರಿಗೆ ಹೊಲಕ್ಕೊಂದು ಬೋರ್ ಸಿಗುವ ಹೊತ್ತಿಗೆ ನಮ್ಮಂಥವರ ಬೋರುಗಳು ಇಪ್ಪತ್ತು ವರ್ಷದಿಂದ ಓಡಿದ್ದವು. ನನ್ನ ಜೊತೆ ಶಾಲೆಯಲ್ಲಿ ಓದಿದ ಗೆಳತಿಯ ಅಣ್ಣನ ಹೊಲದಲ್ಲಿ ಬರೀ ಧೂಳು ಬಂತು. ಬಾವಿಯ ಕಾಲದಲ್ಲಿ ಅವರಪ್ಪನ ಕೊಡ ಖಾಲಿ. ಬೋರಿನ ಕಾಲದಲ್ಲಿ ಅವನ ಪೈಪು ಖಾಲಿ. ಮೊದಲು ಬಂದವರಿಗೆ ನೀರು ಅನ್ನುವ ಲೆಕ್ಕದಲ್ಲಿ, ಬರಲು ಬಿಡದೆ ಇದ್ದವರಿಗೆ ಯಾವಾಗಲೂ ಕೊನೆಯ ಜಾಗ, ಅಲ್ವಾ?

ಇನ್ನೂ ಹುಟ್ಟದ ಮಕ್ಕಳೂ ಆ ಸಾಲಿನಲ್ಲಿಯೇ ನಿಂತಿದ್ದಾರೆ ಅಂತ ನನಗೆ ಅನಿಸುತ್ತದೆ. ಕರಿಕಲ್ಲಿನ ಬಿರುಕಿನಲ್ಲಿ ಏಳ್ನೂರು ಅಡಿ ಕೆಳಗಿರುವ ನೀರು ನಿನ್ನೆಯ ಮಳೆಯದಲ್ಲ. ಅಷ್ಟು ಆಳಕ್ಕೆ ಇಳಿಯಲು ಅದು ಎಷ್ಟೋ ವರ್ಷ ತಗೊಂಡಿದೆ. ನಾವು ಒಂದು ರಾತ್ರಿಯಲ್ಲಿ ಮುಟ್ಟುತ್ತೇವೆ. ನೌಬಾದ್‌ನಲ್ಲಿ ಕತ್ತಲಲ್ಲಿ ಕೂತು ಉಳಿಯಿಂದ ಕಲ್ಲು ಕೆತ್ತಿದ ಆ ಕೂಲಿಯಾಳುಗಳ ಹೆಸರು ಎಲ್ಲೂ ಇಲ್ಲ. ಅವರು ಕೆತ್ತಿದ್ದು ಸುಲ್ತಾನನಿಗಾಗಿ, ನಿಜ. ಆದರೆ ಆರುನೂರು ವರ್ಷದ ಆಚೆ ನಿಂತ ನನಗೂ ಅವರ ಕೆಲಸ ಉಳಿದಿದೆ. ನಮ್ಮ ಬೋರ್ ಆರುನೂರು ವರ್ಷ ಇರಲಿ, ನನ್ನ ಮಗಳ ಕಾಲಕ್ಕೆ ಒಂದು ಕಬ್ಬಿಣದ ಕೊಳವೆ ಮಾತ್ರ ಆಗಿರುತ್ತದೆ.

ಹಾಗಾದರೆ ಏನು ಮಾಡುವುದು? ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯಲ್ಲಿ ಹಿವರೆ ಬಜಾರ್ ಅಂತ ಊರಿದೆ. ಪೋಪಟರಾವ್ ಪವಾರ್ ಅಲ್ಲಿ ಸರಪಂಚರಾಗಿ ಬಂದ ಮೇಲೆ ಊರವರು ಕೂತು ಹೊಲಕ್ಕೆ ಬೋರ್ ಬೇಡ ಅಂತ ತೀರ್ಮಾನ ಮಾಡಿದರು. ಕಬ್ಬು ಬಿಟ್ಟರು. ಮಳೆಗಾಲ ಮುಗಿದ ಮೇಲೆ ಗ್ರಾಮಸಭೆ ಸೇರಿ ಈ ವರ್ಷ ಎಷ್ಟು ನೀರು ಬಂದಿದೆ ಅಂತ ಲೆಕ್ಕ ಹಾಕುತ್ತಾರೆ. ಜನ, ದನಕ್ಕೆ ಬೇಕಾದದ್ದು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕಂತೆ ಬೆಳೆ. ನನಗೆ ಅಲ್ಲಿನ ಚೆಕ್ ಡ್ಯಾಂಗಳಿಗಿಂತ ಆ ಸಭೆ ದೊಡ್ಡದಾಗಿ ಕಾಣುತ್ತದೆ. ಎತ್ತಿನ ದಣಿವು ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಜನರ ಮಾತು ಮಾಡುತ್ತಿದೆ.

ನಮ್ಮಲ್ಲಿ ಅಂಥ ಮಾತಿಗೆ ಜಾಗವೇ ಇಲ್ಲ. ದಾಸೋಹ ಅನ್ನುವ ಶಬ್ದ ನಮ್ಮದೇ ನೆಲದ್ದು. ಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಜಾತ್ರೆಯಲ್ಲಿ ಸಾವಿರಾರು ಜನಕ್ಕೆ ಅನ್ನ ಹಾಕುತ್ತೇವೆ, ಯಾರನ್ನೂ ಹಸಿದು ಕಳಿಸುವುದಿಲ್ಲ. ಆದರೆ ಬೋರಿನ ನೀರು ಬದು ದಾಟಬೇಕು ಅಂದರೆ ನಮಗೆ ಎದೆ ಬರುವುದಿಲ್ಲ.

ಇದನ್ನೆಲ್ಲ ಯೋಚಿಸಿಯೇ ಆ ಹುಡುಗನಿಗೆ ಉತ್ತರ ಕೊಡಲು ಆಗಲಿಲ್ಲ. ಬೇಡ ಅನ್ನುವ ಹಕ್ಕು ನನಗಿಲ್ಲ. ನಾನು ಮುನ್ನೂರು ಅಡಿಯಲ್ಲಿ ನೀರು ಕುಡಿದು, ಅವನಿಗೆ ಭೂಮಿ ಉಳಿಸಪ್ಪಾ ಅಂತ ಹೇಳಲೇ? ಸಹಿ ಹಾಕಿದರೂ ನೆಮ್ಮದಿ ಇಲ್ಲ. ಅವನ ಏಳ್ನೂರು ಅಡಿ ಫೇಲ್ ಆದರೆ ಸಾಲ. ನೀರು ಬಂದರೆ ನಮ್ಮ ಬೋರ್ ಬತ್ತುತ್ತದೆ, ಆಮೇಲೆ ಅಪ್ಪ ಎಂಟ್ನೂರಕ್ಕೆ ಹೋಗುತ್ತಾರೆ.

ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ. ರೈಲಿನ ಲೆಕ್ಕ ಹೇಳಿದೆ. ಕಾಕಾ ಕೊಡ ಹಿಡಿದು ಕೇಳುತ್ತಿದ್ದದ್ದನ್ನೂ ಹೇಳಿದೆ. ನಮ್ಮ ಬೋರಿನಲ್ಲಿ ಈಗಲೂ ಒಂದೂವರೆ ಇಂಚು ನೀರಿದೆ. ಎರಡೂ ಎಕರೆ ಕಬ್ಬು ತೆಗೆದರೆ ಎರಡು ಹೊಲದ ತೊಗರಿ, ಜೋಳಕ್ಕೆ ಪಾಳಿ ಹಚ್ಚಿ ಬಿಡಬಹುದು. ಮೂರು ದಿನ ನಮಗೆ, ಮೂರು ದಿನ ಅವರಿಗೆ. ಕಬ್ಬು ಹೋದರೆ ಕಡಿಮೆ ಬೀಳುವ ಹಣವನ್ನು ನಾನು ಪಗಾರದಲ್ಲಿ ಎರಡು ವರ್ಷ ಹೊಂದಿಸುತ್ತೇನೆ, ಅವನು ಸಾಲ ಮಾಡುವುದು ಬೇಡ, ಅಂದೆ.

ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಹಿಂದೆ ಎಲ್ಲೋ ನಾಯಿ ಬೊಗಳುವುದು ಕೇಳುತ್ತಿತ್ತು. "ಅವನ ಬಾವಿ ತನಕ ಎಷ್ಟು ಪೈಪು ಬೇಕಾಗ್ತಾವ?" ಅಂತ ಕೇಳಿದರು.

"ನೂರು ಹೆಜ್ಜಿ ಅದಾ ಅಪ್ಪಾ."

"ಹೆಜ್ಜಿ ಲೆಕ್ಕ ಪೈಪಿಗಿ ನಡಿಯಂಗಿಲ್ಲ. ಐತಾರ ಬಾ. ಟೇಪ್ ಹಿಡದು ಅಳೆಯೋಣು. ಅವನಿಗೂ ಇರು ಅಂತ ಹೇಳು."